ಭಜನಾ ಮಂಡಳಿ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಊರೊಡೆತನದ ಹಾಡುಕೂಟ

ಭಜನಾ ಮಂಡಳಿಯೆಂಬುದು ಊರಿನ ಜನರು ತಾವೇ ಕೂಡಿ ಕಟ್ಟಿಕೊಂಡ ಹಾಡುಗಾರರ ಕೂಟ. ಅದರ ವಾದ್ಯಗಳು, ಹಾಡಿನ ವಹಿಗಳು, ರಾತ್ರಿ ಕುಳಿತು ಹಾಡುವ ಜಾಗ ಇವು ಯಾರೊಬ್ಬರ ಸ್ವತ್ತೂ ಅಲ್ಲದೆ ಊರಿನ ಸ್ವತ್ತಾಗಿರುತ್ತವೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ಸೀಮೆಯಲ್ಲಿ ಆಡುಮಾತಿನಲ್ಲಿ ‘ಭಜನಿ’ ಎಂದೇ ಕರೆಯಲಾಗುವ ಈ ಕೂಟದಲ್ಲಿ ಮುಖ್ಯವಾಗಿ ಹಾಡುವುದು ತತ್ವಪದಗಳನ್ನು, ಅಂದರೆ ದೇಹ, ಗುರು, ಅರಿವು, ಸಾವು ಇವುಗಳ ಕುರಿತ ಅನುಭಾವವನ್ನು ಬಿತ್ತನೆ, ಬೀಸುವಿಕೆ, ನೇಯ್ಗೆಯಂಥ ದಿನದ ಕೆಲಸದ ಮಾತಿನಲ್ಲಿ ಹೇಳುವ ಪದಗಳನ್ನು. ಪದ ಕಟ್ಟಿದವರ ಚರಿತ್ರೆಯನ್ನು ವಿದ್ವಾಂಸರು ತಕ್ಕಮಟ್ಟಿಗೆ ಬರೆದಿದ್ದಾರೆ; ಆ ಪದಗಳನ್ನು ಎರಡು ಶತಮಾನ ಬಾಯಿಂದ ಬಾಯಿಗೆ ದಾಟಿಸಿದ ಈ ಕೂಟಗಳಿಗೆ ಸಲ್ಲಬೇಕಾದ ಗಮನ ಮಾತ್ರ ಇನ್ನೂ ಸಂದಿಲ್ಲ.

ಈ ಸೀಮೆಯ ಹಾಡಿನ ಹಿನ್ನೆಲೆಯಲ್ಲಿ ಭೀಮಾ ನದಿಯಿದೆ. ಮಹಾರಾಷ್ಟ್ರದಲ್ಲಿ ಪಂಢರಪುರವನ್ನು ಹಾದು ಬರುವ ಈ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಅಮರ್ಜಾ ನದಿಯನ್ನು ಕೂಡಿಕೊಂಡು ಜೇವರ್ಗಿಯತ್ತ ಸಾಗುತ್ತದೆ. ಆದ್ದರಿಂದ ವಿಠ್ಠಲನ ಭಕ್ತರಾದ ವಾರಕರಿಗಳ ಅಭಂಗ, ಗಾಣಗಾಪುರದ ದತ್ತಾತ್ರೇಯ ಪರಂಪರೆಯ ಭಜನೆ, ಶರಣರ ವಚನ ಇವು ಒಂದೇ ದಂಡೆಯಲ್ಲಿ ಕನ್ನಡವೂ ಮರಾಠಿಯೂ ಬೆರೆತ ಕಿವಿಗೆ ಬಿದ್ದಿವೆ. ಬಸವಣ್ಣನವರ ಕಾಲದ ಆಸುಪಾಸಿನ ಶಿವಭಕ್ತ ಏಕಾಂತದ ರಾಮಯ್ಯನ ಊರು ಆಳಂದೆ, ಅಂದರೆ ಇಂದಿನ ಆಳಂದ, ಎಂಬುದಕ್ಕೆ ಅಬ್ಬಲೂರಿನ ಶಾಸನವೇ ಆಧಾರ. ಅದೇ ಆಳಂದದಲ್ಲಿ ಸೂಫಿ ಸಂತ ಲಾಡ್ಲೆ ಮಶಾಕರ ದರ್ಗಾ ಇದೆ. ಜೇವರ್ಗಿಯಲ್ಲಿ 17ನೆಯ ಶತಮಾನದಲ್ಲಿ ಹುಟ್ಟಿ 18ನೆಯ ಶತಮಾನದ ಆರಂಭದವರೆಗೆ ಬದುಕಿದ ಷಣ್ಮುಖಸ್ವಾಮಿಗಳು ‘ಅಖಂಡೇಶ್ವರ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದರು. ಅಂಕಿತವೆಂದರೆ ರಚನೆಯ ಕೊನೆಯಲ್ಲಿ ಬಂದು ಅದು ಯಾರದೆಂದು ತೋರಿಸುವ ಹೆಸರು.

ಈ ನೆಲದಲ್ಲಿ ಹಾಡುಕೂಟಕ್ಕೆ ಗಟ್ಟಿಯಾದ ಬೇರು ಇಳಿದದ್ದು ಕಡಕೋಳದ ಮಡಿವಾಳಪ್ಪನವರಿಂದ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ 18ನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿ, ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿರುವ ಕಡಕೋಳದಲ್ಲಿ ನೆಲೆನಿಂತ ಅವರು, ಜಾತಿಯ ಹಮ್ಮನ್ನೂ ಮಠದ ಡಂಭಾಚಾರವನ್ನೂ ನೇರವಾಗಿ ಎದುರಿಸಿ ಪದ ಕಟ್ಟಿದವರು. ಅವರ ಸುತ್ತ ಕೂಡಿದವರನ್ನು ನೋಡಿದರೆ ಭಜನಾ ಕೂಟದ ಸ್ವರೂಪ ಅಲ್ಲಿಯೇ ರೂಪುಗೊಂಡಿತೆನ್ನಬಹುದು: ಖೈನೂರಿನ ಕೃಷ್ಣಪ್ಪ, ಚನ್ನೂರಿನ ಜಲಾಲಸಾಹೇಬ, ತೆಲಗಬಾಳದ ರೇವಪ್ಪ ಇವರು ಬೇರೆಬೇರೆ ಜಾತಿ, ಧರ್ಮಗಳಿಂದ ಬಂದು ಒಂದೇ ಗುರುವಿನ ಮುಂದೆ ಕುಳಿತು, ತಾವೂ ಪದಕಾರರಾದರು. ಶಿಷ್ಯರು ತಂತಮ್ಮ ಊರುಗಳಲ್ಲಿ ಹಾಡಿದಾಗ ಕೇಳಿದವರು ಹಾಡುಗಾರರಾಗಿ, ಹಾಡುಗಾರರು ಕೂಟವಾಗಿ, ಗುರುವಿನ ಗದ್ದುಗೆಯಿಲ್ಲದ ಊರಲ್ಲಿಯೂ ಭಜನೆ ಬೆಳೆಯಿತು. ಒಂದು ಮೇಳದಲ್ಲಿ ಒಂದೇ ರಾತ್ರಿ ಜಲಾಲಸಾಹೇಬರ ಪದದ ಬೆನ್ನಿಗೆ ಶಿಶುನಾಳ ಶರೀಫರ ಪದ, ಅದರ ಬೆನ್ನಿಗೆ ವಚನ ಬರುವುದು ಇಲ್ಲಿ ಯಾರಿಗೂ ವಿಶೇಷವೆನಿಸದು. ಈ ಸಹಜತೆಯೇ ಪರಂಪರೆಯ ದೊಡ್ಡ ಗಳಿಕೆ.

ಕೂಟ ಸೇರುವುದು ಸೋಮವಾರ, ಗುರುವಾರ ಇಲ್ಲವೆ ಅಮಾವಾಸ್ಯೆಯ ರಾತ್ರಿ, ಹೊಲದ ಕೆಲಸ ಮುಗಿಸಿ ಉಂಡ ಮೇಲೆ; ಶ್ರಾವಣದಲ್ಲಿ ದಿನವೂ ಸೇರುವ ಊರುಗಳಿವೆ. ಜಾಗ ಹನುಮಪ್ಪನ ಗುಡಿಯ ಪಡಸಾಲೆಯಾಗಬಹುದು, ಮಠದ ಅಂಗಳವಾಗಬಹುದು, ಬೇವಿನ ಗಿಡದ ಕೆಳಗಿನ ಕಟ್ಟೆಯಾಗಬಹುದು. ಒಬ್ಬನು ಏಕತಾರಿ ಹಿಡಿದು ಪದದ ಪಲ್ಲವಿಯನ್ನು ಎತ್ತಿಕೊಳ್ಳುತ್ತಾನೆ. ಉಳಿದವರು ತಾಳ ತಟ್ಟುತ್ತ ಅದನ್ನು ಮರಳಿ ಹಾಡುತ್ತಾರೆ, ಇದಕ್ಕೆ ಸೊಲ್ಲು ಹಿಡಿಯುವುದು ಎನ್ನುತ್ತಾರೆ. ನುಡಿಯಿಂದ ನುಡಿಗೆ ನಡೆ ಏರುತ್ತ ಹೋಗಿ, ಕೊನೆಯ ನುಡಿಯಲ್ಲಿ ಅಂಕಿತ ಬಂದಾಗ ತಾಳ ತುದಿಮುಟ್ಟಿ ನಿಲ್ಲುತ್ತದೆ. ಪೇಟಿ, ಅಂದರೆ ಹಾರ್ಮೋನಿಯಂ, ಮತ್ತು ತಬಲಾ ಕೂಟದೊಳಗೆ ಬಂದದ್ದು ನಂತರದ ಕಾಲದಲ್ಲಿ; ಅವುಗಳಿಂದ ಸ್ವರಕ್ಕೆ ಆಸರೆ ಸಿಕ್ಕಿತು, ಏಕತಾರಿಯ ಒಂದೇ ಎಳೆಯ ನಾದಕ್ಕಿದ್ದ ಬಿಡುವು ಮಾತ್ರ ಕಡಿಮೆಯಾಯಿತು. ಎರಡು ಮೇಳಗಳು ಎದುರುಬದುರು ಕುಳಿತಾಗ ಒಂದು ಪದದಲ್ಲಿ ಒಡಪಿನಂಥ ಪ್ರಶ್ನೆ ಹಾಕಿ ಇನ್ನೊಂದರಿಂದ ಪದದಲ್ಲಿಯೇ ಉತ್ತರ ಬೇಡುವ ಸವಾಲ್-ಜವಾಬ್ ಬೆಳಗಿನ ತನಕ ನಡೆದು, ಮಂಗಳ ಹಾಡಿ ಮುಗಿಯುತ್ತದೆ. ಊರಲ್ಲಿ ಸಾವಾದ ರಾತ್ರಿ ಹೆಣದ ಬಳಿ ಕುಳಿತು ಹಾಡುವುದೂ ಮೇಳದ ಕೆಲಸವೇ. ಅಳುವ ಮನೆಗೆ ಕರೆಯದೆ ಹೋಗಿ, ಕೂಲಿ ಕೇಳದೆ ಬೆಳಗು ಮಾಡುವ ಈ ನಡೆಯಿಂದಲೇ ಮಂಡಳಿಯು ಮನರಂಜನೆಯ ತಂಡಗಳಿಗಿಂತ ಬೇರೆಯಾಗಿ ನಿಲ್ಲುತ್ತದೆ.

ಕೂಟದ ಖರ್ಚು ನಡೆಯುವುದು ‘ಪಟ್ಟಿ’ಯಿಂದ. ಪಟ್ಟಿ ಎತ್ತುವುದೆಂದರೆ ಮನೆಮನೆಗೆ ಹೋಗಿ ಕೈಲಾದಷ್ಟು ಹಣ ಇಲ್ಲವೆ ಜೋಳವನ್ನು ವಂತಿಗೆಯಾಗಿ ಕೂಡಿಸುವುದು. ತಬಲಾಕ್ಕೆ ಹೊಸ ಚರ್ಮ, ಚಹಾಕ್ಕೆ ಸಕ್ಕರೆ, ದೀಪಕ್ಕೆ ಎಣ್ಣೆ ಇವೆಲ್ಲ ಅದರಿಂದಲೇ. ಹಾಡುವ ಜಾಗವನ್ನು ಕೇಳುವವರೇ ಉಳಿಸಿಕೊಳ್ಳುವ ಇಂಥ ವ್ಯವಸ್ಥೆ ಬೇರೆ ನಾಡುಗಳಲ್ಲಿ ಬೇರೆ ರೂಪ ತಳೆದಿದೆ. ಲಂಡನ್ನಿನ ನನ್‌ಹೆಡ್ ಪ್ರದೇಶದಲ್ಲಿ, ಹಿಂದಿನಿಂದಲೂ ಸಂಗೀತ ನಡೆಯುತ್ತಿದ್ದ ಐವಿ ಹೌಸ್ ಎಂಬ ಪಬ್ಬು, ಅಂದರೆ ನೆರೆಹೊರೆಯವರು ಸೇರುವ ಪಾನಗೃಹ, ಮುಚ್ಚಿದಾಗ, 2011ರ ಸ್ಥಳೀಯತಾ ಕಾಯ್ದೆಯ ನೆರವಿನಿಂದ ಅಲ್ಲಿನ ನಿವಾಸಿಗಳೇ ಷೇರು ಕೊಂಡು 2013ರಲ್ಲಿ ಅದನ್ನು ತಮ್ಮದಾಗಿಸಿಕೊಂಡು ಮತ್ತೆ ತೆರೆದರು. ಭೀಮಾ ತೀರದಲ್ಲಿ ಕುಡಿತದ ಜಾಗವೂ ಹಾಡಿನ ಜಾಗವೂ ಹೀಗೆ ಒಂದಾಗಲಿಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಸೇಂದಿ, ಸಾರಾಯಿಗಳ ಮಾರಾಟ ಅಬಕಾರಿ ಗುತ್ತಿಗೆಗೆ ಒಳಪಟ್ಟಿತ್ತಾದ್ದರಿಂದ ಅಂಗಡಿ ಗುತ್ತಿಗೆದಾರನದಾಗಿತ್ತು, ಹಾಡಿನ ಕಟ್ಟೆ ಊರಿನದಾಗಿತ್ತು. ಆದರೂ ಅಮಲಿನ ಮಾತು ಹಾಡಿನಿಂದ ದೂರವಾಗಲಿಲ್ಲ. ತತ್ವಪದಗಳಲ್ಲಿ ಭಂಗಿಯ ನಶೆ ಅರಿವಿನ ಏರುವಿಕೆಗೆ ರೂಪಕವಾಗಿ ಬರುತ್ತದೆ, ಸೂಫಿ ಕಾವ್ಯದ ಮಧುವಿನೊಂದಿಗೆ ಅದನ್ನು ಹೋಲಿಸಿ ನೋಡಬಹುದು.

ಇದೇ ಊರೊಡೆತನ ಮೊಹರಮ್ಮಿನಲ್ಲಿಯೂ ಕಾಣುತ್ತದೆ. ಅಲಾಯಿ ದೇವರನ್ನು, ಅಂದರೆ ಕರ್ಬಲಾದ ಹುತಾತ್ಮರ ನೆನಪಿನ ಪಂಜಾಗಳನ್ನು, ಕೂಡಿಸುವ ಆಶುರಖಾನೆಯ ಮುಂದೆ ಹಿಂದೂ ಮುಸ್ಲಿಮರು ಕೂಡಿ ಹೆಜ್ಜೆ ಹಾಕುತ್ತ ರಿವಾಯತ್ ಪದಗಳನ್ನು ಕನ್ನಡದಲ್ಲಿ ಹಾಡುತ್ತಾರೆ. ಭಜನೆಗೆ ಸೊಲ್ಲು ಹಿಡಿದ ಕೊರಳುಗಳೇ ಅಲ್ಲಿಯೂ ಕೇಳಿಬರುವುದುಂಟು.

ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದು ಆಗಿದ್ದು ಕನ್ನಡ ಶಾಲೆಗಳು ವಿರಳವಾಗಿದ್ದವು. ಅಂಥ ದಿನಗಳಲ್ಲಿ ಅಕ್ಷರ ಬಾರದವರಿಗೆ ಕನ್ನಡದ ಚಿಂತನೆ ಸಿಕ್ಕಿದ್ದು ಪುಸ್ತಕದಿಂದಲ್ಲ, ಭಜನೆಯಿಂದ. ಈ ಅರ್ಥದಲ್ಲಿ ಮಂಡಳಿಯನ್ನು ಆ ಸೀಮೆಯ ರಾತ್ರಿಶಾಲೆ ಎಂದರೆ ಅದು ಅತಿಶಯೋಕ್ತಿಯಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿ, 1956ರ ನವೆಂಬರ್ 1ರಂದು ಈ ಜಿಲ್ಲೆ ಮೈಸೂರು ರಾಜ್ಯದ ಭಾಗವಾದ ಮೇಲೆ ಶಾಲೆಗಳು ಬಂದವು. 1966ರಲ್ಲಿ ಕಲಬುರಗಿಯಲ್ಲಿ ಆರಂಭವಾದ ಆಕಾಶವಾಣಿ ಕೇಂದ್ರದ ಮೂಲಕ ಕಟ್ಟೆಯ ಹಾಡಿಗೆ ಊರಾಚೆಯ ಕೇಳುಗರು ದೊರೆತರು. ಬಾನುಲಿಗೆ ಹಾಡುವಾಗ ಪದವನ್ನು ನಿಗದಿತ ನಿಮಿಷಗಳಿಗೆ ಅಡಕಗೊಳಿಸಬೇಕಾಗುತ್ತದೆ. ಕಟ್ಟೆಯ ಮೇಲಾದರೆ ಒಂದೇ ನುಡಿಯನ್ನು ಕೇಳುವವರ ಮನಸ್ಸು ತುಂಬುವವರೆಗೆ ತಿರುಗಿ ತಿರುಗಿ ಹಾಡಬಹುದು.

ಪದಗಳನ್ನು ಸಂಗ್ರಹಿಸಿ ಅಚ್ಚಿಗೆ ತರುವ ಕೆಲಸದಲ್ಲಿ ಕಲಬುರಗಿಯ ಮೀನಾಕ್ಷಿ ಬಾಳಿಯವರಂಥ ಸಂಶೋಧಕರು ದುಡಿದಿದ್ದಾರೆ. ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ರಾಜ್ಯದ ತತ್ವಪದಗಳನ್ನು ಅನೇಕ ಸಂಪುಟಗಳಲ್ಲಿ ಹೊರತಂದಿದೆ. ಗಂಡಸರದೇ ಆಗಿದ್ದ ರಾತ್ರಿಯ ಕೂಟದ ಪಕ್ಕದಲ್ಲಿ ಈಗ ಹೆಣ್ಣುಮಕ್ಕಳ ಭಜನಾ ಮಂಡಳಿಗಳೂ ಎದ್ದುನಿಂತಿವೆ. ಅಚ್ಚಾದ ಸಂಪುಟ ಕೈಗೆ ಸಿಕ್ಕರೂ ಹಳೆಯ ಮೇಳಗಳು ಹಾಡುವುದು ಕೈಬರಹದ ವಹಿಯನ್ನು ನೋಡಿಕೊಂಡೇ, ಏಕೆಂದರೆ ತಮ್ಮ ಊರು ಆ ಪದವನ್ನು ಯಾವ ಪಾಠದಲ್ಲಿ, ಯಾವ ಧಾಟಿಯಲ್ಲಿ ಹಾಡುತ್ತ ಬಂದಿದೆಯೆಂಬುದು ಗೊತ್ತಾಗುವುದು ಆ ವಹಿಯಿಂದ ಮತ್ತು ಅದನ್ನು ಹಿಡಿದು ಕುಳಿತ ಹಿರಿಯನ ಕೊರಳಿನಿಂದ.