ಬೀಟಾಮ್ಯಾಕ್ಸ್ ತೀರ್ಪು ಹೇಳದೆ ಬಿಟ್ಟದ್ದು: ಟಿವಿ ರೆಕಾರ್ಡಿಂಗ್ ಮತ್ತು ನಕಲು ತಡೆ

ಟಿವಿ ಕಾರ್ಯಕ್ರಮಗಳನ್ನು ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವ ಸ್ವಾತಂತ್ರ್ಯದ ಮಾತು ಬಂದಾಗ ಅಮೆರಿಕದ ಬೀಟಾಮ್ಯಾಕ್ಸ್ ತೀರ್ಪನ್ನು ಆಧಾರವಾಗಿ ತೋರಿಸುವುದು ವಾಡಿಕೆ. ಆ ಆಧಾರ ಎಷ್ಟು ಭಾರ ಹೊರಬಲ್ಲದು ಎಂಬುದೇ ಈ ಟಿಪ್ಪಣಿಯ ಪ್ರಶ್ನೆ.

ಬೀಟಾಮ್ಯಾಕ್ಸ್ ಎಂಬ ವಿಡಿಯೊ ಕ್ಯಾಸೆಟ್ ರೆಕಾರ್ಡರ್ (ವಿಸಿಆರ್) ತಯಾರಿಸುತ್ತಿದ್ದ ಸೋನಿ ವಿರುದ್ಧ ಯೂನಿವರ್ಸಲ್ ಮತ್ತು ಡಿಸ್ನಿ ಚಿತ್ರಸಂಸ್ಥೆಗಳು 1976ರಲ್ಲಿ ಹೂಡಿದ ದಾವೆಯನ್ನು ಸುಪ್ರೀಂ ಕೋರ್ಟು 1984ರ ಜನವರಿ 17ರಂದು 5-4ರ ಬಹುಮತದಲ್ಲಿ ಇತ್ಯರ್ಥಪಡಿಸಿತು. ಉಚಿತ ಪ್ರಸಾರವನ್ನು ರೆಕಾರ್ಡ್ ಮಾಡಿಟ್ಟು ಬಿಡುವಾದಾಗ ನೋಡುವುದು ನ್ಯಾಯಯುತ ಬಳಕೆ ಎಂದಿತು. ಕ್ಯಾಸೆಟ್ಟುಗಳನ್ನು ಕಾಯಮ್ಮಾಗಿ ಕೂಡಿಡುವುದರ ಬಗ್ಗೆ ತೀರ್ಮಾನ ಕೊಡಲಿಲ್ಲ. ಪ್ರಸಾರಕ್ಕೇ ನಕಲು ತಡೆಯುವ ಬೀಗ ಜಡಿಯಬಹುದೇ ಎಂಬ ಪ್ರಶ್ನೆ ಅದರ ಮುಂದೆ ಇರಲೇ ಇಲ್ಲ.

ಬೀಗ ಬಂದದ್ದು 1980ರ ದಶಕದ ನಡುವಿನಲ್ಲಿ, ಮ್ಯಾಕ್ರೋವಿಷನ್ ಹೆಸರಿನಲ್ಲಿ. ಅನಲಾಗ್ ಚಿತ್ರಸಂಕೇತದಲ್ಲಿ ಪರದೆಯ ಮೇಲೆ ಮೂಡದ ಕೆಲವು ಗೆರೆಗಳಿರುತ್ತವೆ. ಅವುಗಳಲ್ಲಿ ಪ್ರಬಲ ಮಿಡಿತಗಳನ್ನು ತುಂಬಿದರೆ ಟಿವಿಗೆ ಹೆಚ್ಚಿನ ಬಾಧೆಯಿಲ್ಲ. ವಿಸಿಆರ್‌ನೊಳಗೆ ಸಂಕೇತದ ಮಟ್ಟವನ್ನು ತಾನಾಗಿ ಸರಿಹೊಂದಿಸುವ ಸರ್ಕ್ಯೂಟ್ ಮಾತ್ರ, ಬಂದದ್ದು ಅತಿಯಾಯಿತೆಂದು ಮೋಸಹೋಗಿ ಎಲ್ಲವನ್ನೂ ತಗ್ಗಿಸುತ್ತದೆ. ನಕಲಿನ ಚಿತ್ರ ಒಮ್ಮೆ ಮಂಕಾಗುತ್ತದೆ, ಒಮ್ಮೆ ಬೆಳಗುತ್ತದೆ, ನಡುನಡುವೆ ಹರಿದಂತಾಗುತ್ತದೆ.

1998ರ ಡಿಜಿಟಲ್ ಮಿಲೆನಿಯಂ ಕಾಪಿರೈಟ್ ಕಾಯ್ದೆ ಈ ದೌರ್ಬಲ್ಯವನ್ನೇ ಕಡ್ಡಾಯ ಮಾಡಿತು: ಹೊಸ ಅನಲಾಗ್ ವಿಸಿಆರ್‌ಗಳು ಆ ಮಿಡಿತಕ್ಕೆ ಮಣಿಯಲೇಬೇಕು. ಆದರೆ ಅದೇ ಕಲಮಿನ ಮುಂದಿನ ಉಪವಿಧಿಯನ್ನು ಗಮನಿಸಬೇಕು. ವೀಕ್ಷಕರು ಆರಿಸಿ ಹಣ ತೆತ್ತು ನೋಡುವ ಕಾರ್ಯಕ್ರಮಕ್ಕೆ, ಮುದ್ರಿತ ಕ್ಯಾಸೆಟ್ಟಿಗೆ ಬೀಗ ಹಾಕಬಹುದು. ಉಚಿತ ಪ್ರಸಾರದ ರೆಕಾರ್ಡಿಂಗನ್ನು ತಡೆಯಲು ಅದನ್ನು ಬಳಸುವಂತಿಲ್ಲ. 1984ರಲ್ಲಿ ಎದ್ದಿರದ ಪ್ರಶ್ನೆಗೆ ಶಾಸನ ಕೊಟ್ಟ ಉತ್ತರವಿದು.

ಆ ಉತ್ತರ ಡಿಜಿಟಲ್ ಪ್ರಸಾರವನ್ನು ಮುಟ್ಟಲಿಲ್ಲ. 2003ರ ನವೆಂಬರಿನಲ್ಲಿ ಫೆಡರಲ್ ಸಂವಹನ ಆಯೋಗ 'ಬ್ರಾಡ್‌ಕಾಸ್ಟ್ ಫ್ಲ್ಯಾಗ್' ನಿಯಮ ತಂದಿತು. ಪ್ರಸಾರದ ಜೊತೆಗೇ ಹರಿಯುವ ಪುಟ್ಟದೊಂದು ಡಿಜಿಟಲ್ ಗುರುತು ಅದು. ಅದನ್ನು ಕಂಡರೆ ಕಾರ್ಯಕ್ರಮವನ್ನು ಹೊರಗೆ ಹಂಚಲು ಬಿಡದಂಥ ಟಿವಿ, ರೆಕಾರ್ಡರುಗಳನ್ನಷ್ಟೇ 2005ರ ಜುಲೈನಿಂದ ಮಾರಬೇಕಿತ್ತು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಮತ್ತಿತರರು ಕೋರ್ಟಿಗೆ ಹೋದರು. 2005ರ ಮೇ 6ರಂದು ವಾಷಿಂಗ್ಟನ್ನಿನ ಮೇಲ್ಮನವಿ ಕೋರ್ಟು ನಿಯಮವನ್ನು ರದ್ದುಮಾಡಿತು. ಕಾರಣ ವೀಕ್ಷಕರ ಹಕ್ಕಲ್ಲ: ಪ್ರಸಾರ ಮನೆ ತಲುಪಿ ಮುಗಿದ ಮೇಲೆ ಯಂತ್ರ ಏನು ಮಾಡಬೇಕೆಂದು ವಿಧಿಸುವ ಅಧಿಕಾರ ಆಯೋಗಕ್ಕಿಲ್ಲ, ಅಷ್ಟೆ.

ಇದೇ ಅವಧಿಯಲ್ಲಿ ಜಪಾನ್ ಬೇರೆ ದಾರಿ ಹಿಡಿಯಿತು. ಅಲ್ಲಿ ಉಚಿತ ಡಿಜಿಟಲ್ ಪ್ರಸಾರವೂ ಗೂಢಲಿಪಿಯಲ್ಲೇ ಬರತೊಡಗಿತು. ಬಿಡಿಸಲು ಟಿವಿಗೆ ಬಿ-ಕ್ಯಾಸ್ ಕಾರ್ಡು ಬೇಕಿತ್ತು. 2004ರಿಂದ ಒಂದೇ ನಕಲಿಗೆ ಅವಕಾಶವಿತ್ತು. 2008ರ ಜುಲೈ 4ರಿಂದ ಒಂಬತ್ತು ನಕಲು ಮಾಡಿಕೊಳ್ಳಬಹುದಾಯಿತು. ಹತ್ತನೆಯದಕ್ಕೆ ಹಾರ್ಡ್ ಡಿಸ್ಕಿನ ಮೂಲವೇ ಅಳಿಯುತ್ತದೆ.

ಹೀಗಾಗಿ ಬೀಟಾಮ್ಯಾಕ್ಸ್ ತೀರ್ಪಿನಿಂದ ದೊರೆತದ್ದು ರೆಕಾರ್ಡ್ ಮಾಡುವುದು ತಪ್ಪಲ್ಲ ಎಂಬ ಮಾತು ಮಾತ್ರ. ಮಾಡಗೊಡಲೇಬೇಕು ಎಂಬ ಹಕ್ಕಲ್ಲ. ಅಮೆರಿಕದಲ್ಲಿ ಉಚಿತ ಪ್ರಸಾರವನ್ನು ಬೀಗದಿಂದ ಉಳಿಸಿದ್ದು ಒಂದು ಉಪವಿಧಿ ಮತ್ತು ಒಂದು ಆಯೋಗದ ಅಧಿಕಾರದ ಗಡಿ.