ಬಚ್ಚಲ ಕಂಡಿಯೂ ಅಹಿಂಸಾಣುವ್ರತವೂ

೧೮೯೬ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ, ಧಾನ್ಯದ ಉಗ್ರಾಣಗಳ ನಡುವೆ, ವೈದ್ಯ ವಿಯೇಗಸ್ ಅವರು ಗುರುತಿಸಿದ ಪ್ಲೇಗು ಒಂದೆರಡು ವರ್ಷಗಳಲ್ಲಿಯೇ ದಕ್ಷಿಣಕ್ಕೆ ಇಳಿಯಿತು. ಪುಣೆಯಿಂದ ಮಿರಜಕ್ಕೆ ಬಂದು, ಶೇಡಬಾಳ, ಉಗಾರ, ಕುಡಚಿಗಳ ನೆಲವನ್ನು ಹಾಯ್ದು ಬೆಳಗಾವಿಗೆ ಹೋಗುವ ರೈಲುದಾರಿ ಆಗ ಇನ್ನೂ ಹೊಸದು. ಧಾನ್ಯದ ಚೀಲದೊಡನೆ ಇಲಿಯೂ, ಇಲಿಯೊಡನೆ ಚಿಗಟವೂ ಪ್ರಯಾಣ ಮಾಡಿದುವು. ೧೮೯೧ರ ಜನಗಣತಿಯಲ್ಲಿ ಸುಮಾರು ೧೦ ಲಕ್ಷ ೧೩ ಸಾವಿರವಿದ್ದ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ೧೯೦೧ರಲ್ಲಿ ೯ ಲಕ್ಷ ೯೪ ಸಾವಿರಕ್ಕೆ ಇಳಿದಿತ್ತು. ಈ ಇಳಿತದಲ್ಲಿ ಬರಗಾಲದ ಪಾಲೂ ಇದೆ, ಪ್ಲೇಗಿನ ಪಾಲೂ ಇದೆ. ಈ ಸೀಮೆಯ ಜೈನರು ಸ್ತವನಿಧಿಯಲ್ಲಿ ಸೇರಿ ತಮ್ಮ ಸಭೆಯನ್ನು ಸ್ಥಾಪಿಸಿಕೊಂಡ ೧೮೯೯ನೆಯ ಇಸವಿ ಈ ಸಂಕಟದ ನಡುಗಾಲವೇ ಆಗಿದ್ದಿತೆಂಬುದನ್ನು ನೆನಪಿಡತಕ್ಕದ್ದು.

ಇಂದು ಕಾಗವಾಡ ತಾಲ್ಲೂಕಿಗೆ ಸೇರಿರುವ, ಹಿಂದೆ ಅಥಣಿ ತಾಲ್ಲೂಕಿನಲ್ಲಿದ್ದ ಐನಾಪುರ ಕೃಷ್ಣೆಯ ಬಯಲಿನ ಊರು. ಈ ಬಯಲಿನ ಹಳೆಯ ಮನೆಗಳ ರಚನೆಯನ್ನು ಬಲ್ಲವರಿಗೆ ಪ್ಲೇಗು ಏಕೆ ಇಲ್ಲಿ ಬೇರೂರಿತೆಂಬುದನ್ನು ವಿವರಿಸಬೇಕಾದುದಿಲ್ಲ. ದಪ್ಪನೆಯ ಮಣ್ಣಿನ ಗೋಡೆ, ಮೇಲೆ ಜಂತಿಯ ಮಾಳಿಗೆ, ನೆಲದೊಳಗೆ ಜೋಳ ತುಂಬಿದ ಹಗೇವು, ಮೂಲೆಯಲ್ಲಿ ಬಚ್ಚಲು, ಬಚ್ಚಲ ನೀರು ಬೀದಿಗೋ ಹಿತ್ತಲಿಗೋ ಹರಿದುಹೋಗಲು ಗೋಡೆಯ ಬುಡದಲ್ಲಿ ಕೈ ತೂರುವಷ್ಟು ಅಗಲದ ಒಂದು ಕಂಡಿ. ಬಾಗಿಲಿಗೆ ಅಗುಳಿ ಹಾಕಿ ಮಲಗುವ ಗೃಹಸ್ಥನು ಈ ಕಂಡಿಯನ್ನು ರಾತ್ರಿಯಿಡೀ ತೆರೆದೇ ಇಟ್ಟಿರುತ್ತಿದ್ದನು. ಹೆಗ್ಗಣಕ್ಕೆ ಅದೇ ಹೆಬ್ಬಾಗಿಲು.

ಜನರ ಅನುಭವ ವಿಜ್ಞಾನಕ್ಕಿಂತ ಮುಂದಿದ್ದಿತು. ಮಾಳಿಗೆಯಿಂದ ಇಲಿ ಸತ್ತು ಬಿದ್ದಿತೆಂದರೆ ಮನೆ ಬಿಡಬೇಕು, ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ಇರಬೇಕು ಎಂಬುದು ಕನ್ನಡ ನಾಡಿನ ಹಳ್ಳಿಹಳ್ಳಿಗೂ ತಿಳಿದಿದ್ದಿತು. ರೋಗಾಣುವನ್ನು ಯೆರ್ಸಿನ್ ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನು. ಅದು ಇಲಿಯಿಂದ ಮನುಷ್ಯನಿಗೆ ಚಿಗಟದ ಮೂಲಕ ಬರುತ್ತದೆಂದು ಸಿಮೊಂ ಎಂಬ ಫ್ರೆಂಚ್ ವೈದ್ಯನು ೧೮೯೮ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟರೂ ವಿದ್ವಾಂಸರು ಬಹುಕಾಲ ನಂಬಲಿಲ್ಲ. ೧೯೦೫ರಲ್ಲಿ ನೇಮಕವಾದ ಪ್ಲೇಗು ಸಂಶೋಧನಾ ಆಯೋಗವು ಮುಂಬಯಿಯಲ್ಲಿ ಸಾವಿರಾರು ಇಲಿಗಳನ್ನು ಪರೀಕ್ಷಿಸಿದ ಬಳಿಕವೇ ವಿಷಯ ಇತ್ಯರ್ಥವಾದುದು. ೧೯೦೮-೦೯ರಲ್ಲಿ ಬೆಳಗಾವಿ ಪಟ್ಟಣದಲ್ಲಿಯೂ ಇಂತಹ ಅಧ್ಯಯನ ನಡೆಯಿತು.

ಮುಂಬಯಿಯ ಅಧ್ಯಯನದಲ್ಲಿ ಹೊರಬಿದ್ದ ಒಂದು ಸಂಗತಿ ಈ ಲೇಖನದ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. ಆ ನಗರದಲ್ಲಿ ಎರಡು ಬಗೆಯ ಇಲಿಗಳಿದ್ದುವು: ಗಟಾರಗಳಲ್ಲಿ ವಾಸಿಸುವ ಕಂದು ಇಲಿ, ಮನೆಯೊಳಗೆ ಮನುಷ್ಯನ ಸಮೀಪದಲ್ಲಿಯೇ ಬದುಕುವ ಕಪ್ಪು ಇಲಿ. ರೋಗವು ಮೊದಲು ಗಟಾರದ ಇಲಿಗಳಲ್ಲಿ ಹಬ್ಬುತ್ತಿದ್ದಿತು. ಸುಮಾರು ಹತ್ತು ದಿನಗಳ ಅನಂತರ ಮನೆಯ ಇಲಿಗಳು ಸಾಯುತ್ತಿದ್ದುವು. ಮತ್ತೆ ಹತ್ತು ಹದಿನೈದು ದಿನಗಳಲ್ಲಿ ಮನುಷ್ಯರ ಸರದಿ. ಎಂದರೆ ಸಾವು ಗಟಾರದಿಂದ ಮನೆಯೊಳಕ್ಕೆ ಹತ್ತು ದಿನಗಳ ದಾರಿಯನ್ನು ನಡೆದುಬರುತ್ತಿದ್ದಿತು. ಆ ದಾರಿಯನ್ನು ಮುಚ್ಚುವ ಯೋಚನೆಗಿಂತ ಇಲಿಯನ್ನು ಕೊಲ್ಲುವ ಯೋಚನೆಯೇ ಸರಕಾರಕ್ಕೆ ಮೊದಲು ಹೊಳೆದುದು. ಇಲಿ ಹಿಡಿಯುವ ಸಿಬ್ಬಂದಿ, ಬೋನು, ವಿಷ, ಸತ್ತ ಇಲಿಗೆ ಬಹುಮಾನ ಇವೆಲ್ಲ ಜಾರಿಗೆ ಬಂದುವು. ಜೈನರೂ ಇತರ ಅನೇಕರೂ ಇದಕ್ಕೆ ಒಪ್ಪಲಿಲ್ಲ. ಅಧಿಕಾರಿಗಳು ಇದನ್ನು ಮೌಢ್ಯವೆಂದು ಬಗೆದರು.

ಅದು ಕೇವಲ ಮೌಢ್ಯವಾಗಿದ್ದಿತೆ? ಇಲಿ ಸತ್ತು ದೇಹ ತಣ್ಣಗಾದೊಡನೆ ಚಿಗಟವು ಅದನ್ನು ಬಿಟ್ಟು ಬೇರೆ ಬಿಸಿರಕ್ತವನ್ನು ಅರಸುತ್ತದೆ. ರೋಗ ಹೊಕ್ಕ ಮನೆಯಲ್ಲಿ ಚಿಗಟವನ್ನು ಮೊದಲು ನಿವಾರಿಸದೆ ಇಲಿಗಳನ್ನು ಕೊಂದರೆ ಅಪಾಯ ಹೆಚ್ಚುತ್ತದೆಂಬುದು ಇಂದಿನ ವೈದ್ಯರೂ ಒಪ್ಪುವ ಮಾತು. ಹಾಗೆಂದು ಆ ಕಾಲದ ಶ್ರಾವಕರು ಇದನ್ನೆಲ್ಲ ತಿಳಿದೇ ವಿರೋಧಿಸಿದರೆಂದು ಹೆಮ್ಮೆಪಡುವುದು ಸಲ್ಲದು. ಅವರಲ್ಲಿ ಹಲವರು ಇಲಿಯನ್ನು ಬೋನಿನಲ್ಲಿ ಹಿಡಿದು ಊರಾಚೆ ಬಿಡುವುದೇ ದಯೆಯೆಂದು ನಂಬಿದ್ದರು. ರೋಗದ ಇಲಿಯನ್ನು ಇನ್ನೊಬ್ಬರ ಹೊಲದಲ್ಲಿ ಬಿಡುವುದು ಆ ಹೊಲದವನ ಪಾಲಿಗೆ ದಯೆಯಲ್ಲ.

ಶಾಸ್ತ್ರವು ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಮೊದಲನೆಯದನ್ನು ಪೂರ್ಣವಾಗಿ ಬಿಡಲೇಬೇಕೆಂದು ವಿಧಿಸುತ್ತದೆ. ಇಲಿಯನ್ನು ಕೊಲ್ಲುವುದು ವಿರೋಧೀ ಹಿಂಸೆಯ ಲೆಕ್ಕಕ್ಕೆ ಬರುವುದೆಂದು ವಾದಿಸುವವರುಂಟು. ಈ ವಾದ ಗಟ್ಟಿಯಾದುದಲ್ಲ. ವೈರಿಯು ವೈರವಿಟ್ಟುಕೊಂಡು ಬರುತ್ತಾನೆ. ಪಂಚೇಂದ್ರಿಯ ಜೀವಿಯಾದ ಇಲಿಯಾದರೋ ಪ್ಲೇಗಿನಲ್ಲಿ ಮೊದಲ ರೋಗಿ. ಅದು ಹೊಟ್ಟೆಗಾಗಿ ಬರುತ್ತದೆ, ನಾವೇ ತೆರೆದಿಟ್ಟ ಕಂಡಿಯಿಂದ ಬರುತ್ತದೆ. ತೆರೆದಿಟ್ಟವನ ಪ್ರಮಾದವನ್ನು ಬಂದವನ ಪ್ರಾಣದಿಂದ ತೀರಿಸುವುದು ಯಾವ ನ್ಯಾಯ?

ಇದಕ್ಕೆ ಎದುರಾಗಿ ಇನ್ನೊಂದು ಶಂಕೆಯನ್ನು ಎತ್ತುವವರಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಸೇರಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕದಲ್ಲಿಯೂ ಆಹಾರವಾರಣವೆಂಬ ಹೆಸರಿನಲ್ಲಿ ಅದು ಬರುತ್ತದೆ. ಹಾಗಾದರೆ ಇಲಿಯ ದಾರಿಯನ್ನು ಮುಚ್ಚಿ ಕಾಳಿನಿಂದ ದೂರವಿಡುವುದೂ ಅತಿಚಾರವಾಗದೆ? ಬಂಧನ, ಅತಿಭಾರಾರೋಪಣಗಳ ಜೊತೆಯಲ್ಲಿ ಹೇಳಿರುವುದನ್ನು ನೋಡಿದರೆ, ಈ ಮಾತು ನಮ್ಮ ಅಧೀನದಲ್ಲಿರುವ ಎತ್ತು, ಎಮ್ಮೆ, ಆಳುಗಳಂಥವರಿಗೆ ಅನ್ವಯಿಸತಕ್ಕುದೆಂಬುದು ಸ್ಪಷ್ಟ. ಹೊರಗಿರುವ ಸ್ವತಂತ್ರ ಜೀವಿಗೆ ಬಾಗಿಲು ಹಾಕುವುದು ನಿರೋಧವಲ್ಲ. ಆದರೆ ಗೋಡೆಯೊಳಗೆ ಮರಿಗಳಿರುವಾಗ ಕಂಡಿಗೆ ಗಾರೆ ಮೆತ್ತಿದರೆ ಅವು ಒಳಗೇ ಹಸಿದು ಸಾಯುತ್ತವೆ. ಆಗ ಅದು ಶಬ್ದಶಃ ಅನ್ನಪಾನನಿರೋಧವೇ. ವ್ಯತ್ಯಾಸವಿರುವುದು ಗಾರೆಯಲ್ಲಲ್ಲ, ಮೆತ್ತುವ ಮುನ್ನ ನೋಡುವ ಯತ್ನಾಚಾರದಲ್ಲಿ.

ಕಟ್ಟಡವನ್ನೇ ತಿದ್ದಿ ಪ್ಲೇಗನ್ನು ಎದುರಿಸಿದ ಉದಾಹರಣೆಗಳು ಇತಿಹಾಸದಲ್ಲಿ ಇವೆ. ೧೮೯೮ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕ ಬಳಿಕ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಅಗಲವಾದ ಬೀದಿಗಳೊಡನೆ ಬೆಳೆದುವು. ೧೯೦೭-೦೮ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರವು ಇಲಿಗಳನ್ನು ಕೊಂದುದು ಮಾತ್ರವಲ್ಲದೆ, ನೆಲಮಾಳಿಗೆಗಳಿಗೆ ಕಾಂಕ್ರೀಟು ಹಾಕಿಸಿತು. ಎಲ್ಲಕ್ಕಿಂತ ಬೋಧಪ್ರದವಾದುದು ಜಾವಾ ದ್ವೀಪದ ಕತೆ. ೧೯೧೧ರಲ್ಲಿ ಅಲ್ಲಿ ಪ್ಲೇಗು ಹಬ್ಬಿದಾಗ ಇಲಿಗಳು ಮನೆಯ ಬಿದಿರಿನ ಟೊಳ್ಳಿನಲ್ಲಿ ಗೂಡುಕಟ್ಟಿದ್ದುದು ಕಂಡುಬಂದಿತು. ಬಿದಿರಿಗೆ ಬದಲಾಗಿ ಮರ, ಹುಲ್ಲಿಗೆ ಬದಲಾಗಿ ಹಂಚು ಬಂದುವು. ಲಕ್ಷಾಂತರ ಮನೆಗಳು ಹೀಗೆ ತಿದ್ದಲ್ಪಟ್ಟುವು. ಮನೆಯವರ ಮೇಲೆ ಬಿದ್ದ ಖರ್ಚೂ ಬಲವಂತವೂ ಸಣ್ಣವಲ್ಲ.

ಲೆಕ್ಕ ಪೂರ್ತಿ ಶುಭ್ರವಾಗಿಲ್ಲವೆಂಬುದನ್ನೂ ಹೇಳಬೇಕು. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಪ್ಲೇಗು ೧೯೫೦ರ ಸುಮಾರಿಗೆ ಅಡಗುತ್ತ ಬಂದುದಕ್ಕೆ ಹೊಸ ಔಷಧಿಗಳೊಡನೆ, ಮಲೇರಿಯಾ ನಿವಾರಣೆಗಾಗಿ ಮನೆಮನೆಗೆ ಸಿಂಪಡಿಸಿದ ಡಿಡಿಟಿಯೂ ಒಂದು ಕಾರಣವೆಂದು ಎಣಿಸಲಾಗಿದೆ. ಚಿಗಟವೂ ತ್ರೀಂದ್ರಿಯ ಜೀವವೇ. ಇಲಿಯನ್ನು ಉಳಿಸಿದೆವೆಂದು ಸಂತೋಷಪಡುವವರು ಈ ಎಣಿಕೆಯನ್ನು ಮರೆಯಬಾರದು.

ಬಸದಿಗಳ ವಿಷಯಕ್ಕೆ ಬಂದರೆ, ಅಭಿಷೇಕದ ನೀರು ಹೊರಹೋಗುವ ಪ್ರಣಾಲವನ್ನು ಹಳೆಯ ಶಿಲ್ಪಿಗಳು ಗೋಡೆಯಿಂದ ಮುಂದಕ್ಕೆ ಚಾಚಿ, ನೆಲದಿಂದ ಎತ್ತರದಲ್ಲಿ, ಎಷ್ಟೋ ಕಡೆ ಮಕರದ ಬಾಯಾಗಿ ಕಡೆದಿರುವುದುಂಟು. ನೀರು ಅಂತರದಲ್ಲಿ ಧುಮುಕುವುದರಿಂದ ಕೆಳಗಿನ ಪ್ರಾಣಿ ಅದನ್ನು ಏರಲಾರದು. ಜೀರ್ಣೋದ್ಧಾರದಲ್ಲಿ ಅದಕ್ಕೆ ಕೊಳವೆ ಜೋಡಿಸಿ ನೇರವಾಗಿ ಗಟಾರಕ್ಕೆ ಇಳಿಸಿದರೆ, ಹಾಲು, ತುಪ್ಪ, ಕಬ್ಬಿನ ರಸಗಳ ವಾಸನೆಯನ್ನು ಹಿಡಿದು ಇಲಿ ಗರ್ಭಗೃಹದವರೆಗೂ ಬರಬಲ್ಲದು. ಪಕ್ಕದ ಕೋಣೆಯಲ್ಲಿ ತಾಡೋಲೆಗಳಿದ್ದರೆ ನಷ್ಟ ತುಂಬಲಾರದ್ದು. ಕೊಳವೆ ಬೇಕೇಬೇಕೆಂದಾದರೆ ಅದರ ಬಾಯಿಗೆ ಲೋಹದ ಜಾಲರಿ ಇರಲೇಬೇಕು. ಅರ್ಧ ಅಂಗುಲದ ಸಂದಿನಲ್ಲಿ ಎಳೆಯ ಇಲಿ ನುಸುಳುತ್ತದೆ, ಕಾಲಂಗುಲದಲ್ಲಿ ಚಿಟ್ಟಿಲಿ. ಆದುದರಿಂದ ಜಾಲರಿಯ ಕಣ್ಣು ಕಾಲಂಗುಲಕ್ಕಿಂತ ಕಿರಿದಾಗಿರಬೇಕು. ಬಳಕೆಯಿಲ್ಲದ ಹಳೆಯ ಕೊಳವೆಗಳ ಬಾಯನ್ನು ಮುಚ್ಚಬೇಕು. ಬಚ್ಚಲಿನ ನಹಾನಿ ಟ್ರ್ಯಾಪಿನಲ್ಲಿ ನೀರು ನಿಂತಿದ್ದರೂ ಸಾಲದು. ಗಟಾರದ ಇಲಿ ಈಜುತ್ತದೆ, ಮುಳುಗಿಯೂ ಸಾಗುತ್ತದೆ. ಯಾತ್ರಿನಿವಾಸಗಳ ಶೌಚಾಲಯಗಳ ಕೊಳವೆಗೆ ಹೊರಕ್ಕೆ ಮಾತ್ರ ತೆರೆಯುವ ಲೋಹದ ಕದವನ್ನು ಅಳವಡಿಸುವುದು ಲೇಸು.

ಟ್ರಸ್ಟುಗಳ ಜಮಾಖರ್ಚಿನಲ್ಲಿ ‘ಕೀಟ ನಿವಾರಣೆ’ ಎಂಬ ಶೀರ್ಷಿಕೆಯ ಕೆಳಗೆ ಗುತ್ತಿಗೆದಾರನಿಗೆ ಹಣ ಸಂದಾಯವಾಗುವುದುಂಟು. ಅವನು ಹಾಕುವುದು ವಿಷವೋ ಅಂಟುಹಲಗೆಯೋ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಕೃತ, ಕಾರಿತ, ಅನುಮೋದನಗಳನ್ನು ಮನ, ವಚನ, ಕಾಯಗಳಿಂದ ಗುಣಿಸಿ ಒಂಬತ್ತು ಬಗೆಯಾಗಿ ಎಣಿಸುವ ಧರ್ಮದಲ್ಲಿ, ಸಹಿ ಮಾಡಿದ ಚೆಕ್ಕು ಕಾರಿತವಲ್ಲದೆ ಮತ್ತೇನು? ರಕ್ತ ಹೆಪ್ಪುಗಟ್ಟದಂತೆ ಮಾಡುವ ಈಗಿನ ವಿಷಗಳಿಂದ ಇಲಿ ಹಲವು ದಿನ ನರಳಿ ಸಾಯುತ್ತದೆ. ಅದನ್ನು ತಿಂದ ಗೂಬೆಗೂ ಗಂಡಾಂತರ. ಜಾಲರಿಯ ಬೆಲೆ ಆ ವಾರ್ಷಿಕ ಗುತ್ತಿಗೆಗಿಂತ ಹೆಚ್ಚಾಗಲಾರದು.

೧೯೬೬ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಕಂಡ ಬಳಿಕ ಮರೆಯಾದ ಪ್ಲೇಗು ೧೯೯೪ರಲ್ಲಿ ಬೀಡ ಮತ್ತು ಸೂರತಗಳಲ್ಲಿ ಮತ್ತೆ ದೇಶವನ್ನು ನಡುಗಿಸಿತು. ಕೃಷ್ಣೆಯ ದಂಡೆಯಲ್ಲಿ ಈಗ ಹೆಚ್ಚು ಎಚ್ಚರಿಕೆ ಬೇಕಾದುದು ಇಲಿಜ್ವರದ ಬಗ್ಗೆ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಗುಲಿದರೂ ಅದು ಬರಬಹುದು. ೨೦೦೫ ಮತ್ತು ೨೦೧೯ರಲ್ಲಿ ಬಂದಂತಹ ಪ್ರವಾಹಗಳಲ್ಲಿ ಹೊಲದ ಬಿಲಗಳು ಮುಳುಗಿ ಇಲಿಗಳು ಊರಿನ ಎತ್ತರದ ಕಡೆಗೆ ಬರುತ್ತವೆ. ಕಬ್ಬಿನ ಕಟಾವಿನ ಕಾಲದಲ್ಲಿಯೂ ಹಾಗೆಯೇ. ಆದುದರಿಂದ ಕಂಡಿ ಮುಚ್ಚುವ ಕೆಲಸಕ್ಕೆ ಕಟಾವು ಮುಗಿದು ಮಳೆ ಹಿಡಿಯುವ ಮುಂಚಿನ ಬೇಸಗೆಯೇ ತಕ್ಕ ಸಮಯ. ರಾತ್ರಿ ಕಂಡಿಯ ಮುಂದೆ ತೆಳ್ಳಗೆ ಬೂದಿ ಹರಡಿ, ಬೆಳಿಗ್ಗೆ ಹೆಜ್ಜೆಯ ಗುರುತು ನೋಡಬೇಕು. ಗುರುತು ಇರುವವರೆಗೆ ಹೊರಕ್ಕೆ ತೆರೆಯುವ ಕದವನ್ನಷ್ಟೇ ಇಟ್ಟು, ಮರಿಗಳ ಸದ್ದು ಇಲ್ಲವೆಂದು ಖಚಿತಪಡಿಸಿಕೊಂಡು, ನಾಲ್ಕಾರು ದಿನ ಬೂದಿ ಕದಡದೆ ಉಳಿದ ಮೇಲೆ ಜಾಲರಿಯನ್ನು ಗಾರೆಯಲ್ಲಿ ಕೂಡಿಸಬೇಕು.