ಹಿತವೆಂದರೆ ಎಷ್ಟು ಡಿಗ್ರಿ?

1880ರ ದಶಕದ ಆರಂಭ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ಶಿಕ್ಷಕರನ್ನು ತಯಾರು ಮಾಡುವ ಶಾಲೆಯೊಂದಿತ್ತು. ಚಳಿಗಾಲದಲ್ಲಿ ಅಲ್ಲಿನ ಜವಾನ ಆಗಾಗ ಪಾಠದ ನಡುವೆ ಒಳಬಂದು ಉಷ್ಣಮಾಪಕ ನೋಡಬೇಕಿತ್ತು. ಆಮೇಲೆ ನೆಲಮಾಳಿಗೆಗೆ ಇಳಿದು ಶಾಖವನ್ನು ಹೆಚ್ಚು ಕಡಿಮೆ ಮಾಡಬೇಕಿತ್ತು. ಈ ಅಡಚಣೆ ತಪ್ಪಿಸಲು ಅಲ್ಲಿನ ಅಧ್ಯಾಪಕ ವಾರನ್ ಜಾನ್ಸನ್ ಕೋಣೆಯ ಬಿಸಿಯನ್ನು ಕೆಳಗಿನ ಗಂಟೆಗೆ ತಿಳಿಸುವ ವಿದ್ಯುತ್ ಉಪಕರಣ ಮಾಡಿ 1883ರಲ್ಲಿ ಪೇಟೆಂಟ್ ಪಡೆದರು. ಮುಂದೆ ಮಿನ್ನಿಯಾಪೊಲಿಸ್‌ನ ಆಲ್ಬರ್ಟ್ ಬುಟ್ಜ್ ಜವಾನನ ಕೆಲಸವನ್ನೂ ಯಂತ್ರಕ್ಕೇ ವಹಿಸಿದರು: ಕೋಣೆ ತಣ್ಣಗಾದರೆ ಕುಲುಮೆಯ ಗಾಳಿಕಿಂಡಿ ತಾನಾಗಿ ತೆರೆದು ಬೆಂಕಿ ಜೋರಾಗುತ್ತಿತ್ತು.

ಹೀಗೆ ಹುಟ್ಟಿದ ಥರ್ಮೋಸ್ಟಾಟಿಗೆ ಗೊತ್ತಿದ್ದದ್ದು ಗೋಡೆಯ ಮೇಲಿನ ಒಂದು ಬಿಂದುವಿನ ಉಷ್ಣತೆ ಮಾತ್ರ. ಕೋಣೆಯಲ್ಲಿ ಜನರಿದ್ದಾರೆಯೇ, ಅವರು ಏನು ಉಟ್ಟಿದ್ದಾರೆ ಎಂಬುದು ಅದಕ್ಕೆ ತಿಳಿಯದು.

ಆ ಕೊರತೆಯನ್ನು ಲೆಕ್ಕಕ್ಕೆ ತಂದವರು ಡೆನ್ಮಾರ್ಕಿನ ಪಿ. ಓ. ಫಾಂಗರ್. 1970ರ ತಮ್ಮ ಗ್ರಂಥದಲ್ಲಿ ಅವರು ಆರು ಅಂಶಗಳನ್ನು ಒಂದೇ ಸಮೀಕರಣದಲ್ಲಿ ಹೆಣೆದರು: ಗಾಳಿಯ ಉಷ್ಣತೆ, ಸುತ್ತಲ ಗೋಡೆ ಕಿಟಕಿಗಳ ಶಾಖ, ಗಾಳಿಯ ವೇಗ, ತೇವಾಂಶ, ಮೈಯ ಚಟುವಟಿಕೆ, ಬಟ್ಟೆ. ಉತ್ತರ ಬರುವುದು -3ರಿಂದ +3ರವರೆಗಿನ ಮಾಪನದಲ್ಲಿ. ಚಳಿಯೂ ಅಲ್ಲ, ಸೆಕೆಯೂ ಅಲ್ಲ ಎಂಬುದಕ್ಕೆ ಸೊನ್ನೆ. ಆ ಸೊನ್ನೆಯಲ್ಲೂ ನೂರಕ್ಕೆ ಐವರಿಗೆ ಹಿತವೆನಿಸದು ಎಂದು ಫಾಂಗರ್ ಅವರ ಲೆಕ್ಕವೇ ಹೇಳುತ್ತದೆ.

1973ರ ತೈಲ ಬಿಕ್ಕಟ್ಟಿನ ನಂತರ ಹಿತದ ಪ್ರಶ್ನೆ ಹಣದ, ರಾಜಕೀಯದ ಪ್ರಶ್ನೆಯೂ ಆಯಿತು. 1977ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ವೆಟರ್ ತೊಟ್ಟು ದೂರದರ್ಶನದಲ್ಲಿ ಕಾಣಿಸಿಕೊಂಡು, ಮನೆಯ ಹೀಟರನ್ನು ಹಗಲಲ್ಲಿ ಸುಮಾರು 18, ರಾತ್ರಿ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ ಎಂದು ಜನರನ್ನು ಕೇಳಿಕೊಂಡರು. ಕೋಣೆಯನ್ನೆಲ್ಲ ಕಾಯಿಸುವುದಕ್ಕಿಂತ ಮೈಮೇಲೊಂದು ಉಣ್ಣೆ ಬಟ್ಟೆ ಅಗ್ಗ. ಫಾಂಗರ್ ಸಮೀಕರಣವೂ ಅದನ್ನೇ ಹೇಳುತ್ತಿತ್ತು.

ಆದರೆ ಲೆಕ್ಕದೊಳಗಿನ ಆ ಮೈ ಯಾರದು? ಫಾಂಗರ್ ಪ್ರಯೋಗಗಳು ನಡೆದದ್ದು ಹವೆಯನ್ನು ನಿಯಂತ್ರಿಸಿದ ಕೊಠಡಿಗಳಲ್ಲಿ. ರೂರ್ಕಿ ಮತ್ತು ಬಾಗ್ದಾದಿನ ಜನರಿಂದ ಸಂಗ್ರಹಿಸಿದ್ದ ಮಾಹಿತಿಯನ್ನು ಫರ್ಗಸ್ ನಿಕೋಲ್ 1974ರಲ್ಲಿ ವಿಶ್ಲೇಷಿಸಿದಾಗ, ಬಿಸಿ ಹವೆಗೆ ಒಗ್ಗಿದವರು ಫ್ಯಾನ್ ಗಾಳಿಯಿದ್ದರೆ 30 ಡಿಗ್ರಿ ದಾಟಿದರೂ ನೆಮ್ಮದಿಯಿಂದಿದ್ದದ್ದು ಕಂಡಿತು. ಮುಂದೆ 2015ರಲ್ಲಿ ನೆದರ್‌ಲ್ಯಾಂಡ್ಸಿನ ಇಬ್ಬರು ಸಂಶೋಧಕರು ಇನ್ನೊಂದು ಮಾತು ತೋರಿಸಿದರು: ಮಾನದಂಡಕ್ಕೆ ಹಿಡಿದದ್ದು ಸುಮಾರು 70 ಕಿಲೋ ತೂಕದ, 40 ವರ್ಷದ ಗಂಡಸಿನ ಮೈ. ಹೆಂಗಸರ ಮೈ ಹುಟ್ಟಿಸುವ ಶಾಖವನ್ನು ಅದು 35 ಪ್ರತಿಶತದವರೆಗೆ ಹೆಚ್ಚಾಗಿ ಎಣಿಸಬಲ್ಲದು. ಕಚೇರಿಯಲ್ಲಿ ಶಾಲು ಹೊದ್ದು ಕೂರುವವರ ದೂರು ಬರೀ ನಾಜೂಕಿನದಲ್ಲ.

ಭಾರತದಲ್ಲಿ ಬೆಂಗಳೂರು, ಚೆನ್ನೈ, ದೆಹಲಿ, ಅಹಮದಾಬಾದ್, ಶಿಮ್ಲಾಗಳ ಕಚೇರಿಗಳಲ್ಲಿ ಜನರನ್ನೇ ಕೇಳಿ ಸಿದ್ಧಪಡಿಸಿದ ಮಾದರಿ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಸೇರಿತು. ಹೊರಗಿನ ಋತುವಿನೊಂದಿಗೆ ಹಿತದ ಅಂಕಿಯೂ ಏರಿಳಿಯಬೇಕು ಎಂಬುದು ಅದರ ತಿರುಳು.

ಇಂದಿನ ನಿಯಂತ್ರಣ ವ್ಯವಸ್ಥೆಗಳು ಕೋಣೆಯಲ್ಲಿ ಜನರಿದ್ದಾರೆಯೇ ಎಂದು ನೋಡಿ, ಖಾಲಿಯಿದ್ದರೆ ಶಾಖ ತಗ್ಗಿಸುತ್ತವೆ. ಕೆಲವು, ಚಳಿಯೋ ಸೆಕೆಯೋ ಎಂದು ಕೂತವರನ್ನೇ ಕೇಳುತ್ತವೆ. ವೈಟ್‌ವಾಟರಿನ ಜವಾನನೂ ನೋಡುತ್ತಿದ್ದದ್ದು ಪಾದರಸವನ್ನು. ಬೆಂಚಿನ ಮೇಲೆ ಕೂತವರನ್ನು ಲೆಕ್ಕಕ್ಕೆ ತರಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.